ಮೋಕ್ಷಧಾಮದ ಕುಳ್ಳು

"ಏ, ಹೆಣಾ ಬಾಜೂಕ ಸರಸ್ರಿ. ಇಲ್ಲಿ ಮಂಡಪ ಹಾಕೂದೈತಿ."

ದಾರಿಗೆ ಅಡ್ಡ ನಿಲ್ಲಿಸಿದ ಸ್ಕೂಟರಿನ ಬಗ್ಗೆ ಹೇಳುವಂತಿತ್ತು ಆ ದನಿ. ಹೆಣ ಅಂದದ್ದು ತಮ್ಮಣ್ಣನಿಗೆ. ರಾತ್ರಿ ಪಾಳಿಯ ಮಗ್ಗ ಓಡಿಸಿ ಬೆಳಿಗ್ಗೆ ಮನೆಗೆ ಬಂದು, ಬಸಿಗೆ ಸುರಿದುಕೊಂಡ ಚಹಾ ಕುಡಿಯುವ ಮೊದಲೇ ಗೋಡೆಗೆ ಒರಗಿ ತಣ್ಣಗಾದ ಮನುಷ್ಯ. ಈಗ ಬಿದಿರಿನ ಚಟ್ಟದ ಮೇಲೆ, ಗಡಿಯಾಚೆಯ ಮರಾಠಿ ಊರು ಇಚಲಕರಂಜಿಯ ಹೊರಗಿನ ಹಳೇಘಾಟಿನ ಸ್ಮಶಾನದ ಗೇಟಿನ ಮುಂದೆ, ಮಟಮಟ ಮಧ್ಯಾಹ್ನದ ಬಿಸಿಲಿಗೆ ಮುಖ ಮಾಡಿ ಮಲಗಿದ್ದ.

ಹೇಳಿದವನು ನಿಖಿಲ, ಸ್ಮಶಾನದ ಮ್ಯಾನೇಜರು. ಸ್ಮಶಾನಕ್ಕೂ ಮ್ಯಾನೇಜರು ಬಂದ ಕಾಲ ಇದು. ಇಸ್ತ್ರಿ ಮುರಿಯದ ಅಂಗಿ, ಕೊರಳಿಗೆ ಕಾರ್ಡು, ಕಿವಿಯಲ್ಲಿ ವೈರು. ತಮ್ಮಣ್ಣನ ಹೆಂಡತಿ ತಂಗೆವ್ವ ಗಂಡನ ತಲೆಯ ಹತ್ತಿರ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಪಕ್ಕದಲ್ಲಿ ಮಗಳು ರೂಪಾಲಿ ಬೆಂಕಿಯ ಮಡಕೆ ಹಿಡಿದು ನಿಂತಿದ್ದಳು. ಗಂಡುಮಕ್ಕಳಿಲ್ಲದ ಮನೆ, ಮಡಕೆ ಮಗಳ ಕೈಗೆ ಬಂದಿತ್ತು.

ತಂಗೆವ್ವ ಎದ್ದು ಕೈಮುಗಿದು, ಗೇಟು ಯಾವಾಗ ತೆಗೀತೀರಪ್ಪಾ ಎಂದು ಕೇಳಿದಳು. ಬುಕಿಂಗ್ ಎಲ್ಲಿ ಎಂದು ಅವನು ಕೇಳಿದ. ಬುಕಿಂಗ್ ಮೊಬೈಲಿನಲ್ಲಿ ಮಾಡಬೇಕು, ಇದೇ ಊರಿನ ವಿಳಾಸದ ಆಧಾರ್ ಹಚ್ಚಬೇಕು, ಯಾವ ಪ್ಯಾಕೇಜು ಅಂತ ಆರಿಸಬೇಕು. ಅಷ್ಟೆಲ್ಲ ಮಾಡಿದ್ದರೂ ಇವತ್ತು ಆಗುತ್ತಿರಲಿಲ್ಲವಂತೆ. ಈ ಸ್ಮಶಾನ ನಡೆಸುವ ಟ್ರಸ್ಟಿನ ಕೇತನದಾದಾ ಅವರ ತಾಯಿ ಆಯಿಸಾಹೇಬರು ನಸುಕಿನಲ್ಲಿ ತೀರಿಕೊಂಡಿದ್ದಾರೆ. ಸಂಜೆ ಅವರ ಅಂತ್ಯಕ್ರಿಯೆ ಇಲ್ಲೇ. ಬೆಳಗಿನಿಂದ ಘಾಟು ಬಂದ್.

"ನಾಳೆ ಬರ್ರಿ," ಎಂದ.

"ನಾಳೀತನಕಾ ಇವರನ್ನ ಎಲ್ಲಿ ಇಡ್ಲಿ?"

"ಮನೀಗೆ ಒಯ್ದು ಬರಫಿನ ಮ್ಯಾಲ ಇಡ್ರಿ. ನನ್ನ ಕೇಳಿ ಹೊತಗೊಂಡು ಬಂದೀರೇನು?"

ತಪ್ಪು ಇವರದೇ ಅನ್ನಿ. ಹೆಣ ಎತ್ತುವ ಮೊದಲು ಸ್ಮಶಾನಕ್ಕೆ ಫೋನು ಹಚ್ಚಿ ಜಾಗ ಇದೆಯೇ ಎಂದು ಕೇಳಬೇಕೆಂದು ಇವರಿಗೆ ಯಾರೂ ಕಲಿಸಿರಲಿಲ್ಲ. ಸತ್ತವರನ್ನು ಹೊತ್ತುಕೊಂಡು ಹೋದರೆ ಸುಡುವ ಜಾಗ ಅಲ್ಲೇ ಇರುತ್ತದೆ ಎಂದು ಇವರ ಅಪ್ಪ ಅಜ್ಜಂದಿರ ಕಾಲದಿಂದ ತಿಳಿದುಕೊಂಡಿದ್ದರು. ನದಿಗೆ ಗೇಟು ಹಚ್ಚಿದ್ದನ್ನು ಕಂಡವರು ಯಾರಿದ್ದಾರೆ?

ಮನೆಗೆ ಒಯ್ಯಿರಿ ಎನ್ನಲು ನಿಖಿಲನಿಗೇನು. ಹೊಸ್ತಿಲು ದಾಟಿದ ಹೆಣ ಮತ್ತೆ ಒಳಗೆ ಬರಬಾರದು. ಬಂದರೆ ಜೊತೆಗೆ ಇನ್ನೊಬ್ಬರನ್ನು ಕರೆಯುತ್ತದೆ. ನಡುದಾರಿಯಲ್ಲಿ ಚಟ್ಟ ಇಳಿಸಿ, ತಲೆ ಕಾಲು ದಿಕ್ಕು ಬದಲಿಸಿ, ಕಲ್ಲಿಟ್ಟು ಬಂದಾಗಿತ್ತು. ಪಕ್ಕದ ಖೋಲಿಯ ಹಾಲವ್ವ ಕೋಣೆ ತೊಳೆದು, ತಮ್ಮಣ್ಣ ಕಣ್ಣು ಮುಚ್ಚಿದ ಜಾಗದಲ್ಲಿ ದೀಪ ಹಚ್ಚಿ, ದಾರಿಯಲ್ಲಿ ಇವರನ್ನು ಕೂಡಿಕೊಂಡಿದ್ದಳು. ತಮ್ಮಣ್ಣನಿಗೆ ಇನ್ನು ಮನೆ ಅನ್ನುವುದು ಇರಲಿಲ್ಲ. ಹೊತ್ತು ಮುಳುಗುವುದರೊಳಗೆ ಅವನು ಇಲ್ಲೇ ಬೂದಿಯಾಗಬೇಕು, ತಂಗೆವ್ವನಿಗೆ ಬೇಕಾದದ್ದು ಅದೊಂದೇ.

ಮಣ್ಣಿಗೆ ಬಂದವರಲ್ಲಿ ಹೆಣ ಹೊತ್ತ ನಾಲ್ವರು ಬಿಟ್ಟರೆ ಉಳಿದವರೆಲ್ಲ ಹೆಂಗಸರು. ಪಾಳಿ ಬಿಟ್ಟು ಹೋದರೆ ನಾಳೆ ಬರಬೇಡ ಎಂದು ಮಗ್ಗದ ಮಾಲಕರು ಗಂಡಸರನ್ನು ತಡೆದಿದ್ದರು. ಹೆಂಗಸರು ಸ್ಮಶಾನಕ್ಕೆ ಬರುವ ರೂಢಿಯಿಲ್ಲ, ನಡುದಾರಿಯ ಕಲ್ಲಿನಿಂದ ಹಿಂದೆ ತಿರುಗಬೇಕು. ಆದರೆ ನಾಲ್ಕೇ ಜನರ ಹೆಗಲ ಮೇಲೆ ಚಟ್ಟ ಓಲಾಡುವುದನ್ನು ನೋಡಿ ಹಾಲವ್ವ ತಾನೂ ಒಂದು ಕೈ ಹಚ್ಚಿದ್ದಳು. ಅವಳು ಹಚ್ಚಿದ ಮೇಲೆ ಓಣಿಯ ಹೆಂಗಸರೆಲ್ಲ ನಡೆದುಬಿಟ್ಟಿದ್ದರು.

ಈ ಘಾಟು ಯಾರಪ್ಪನದೂ ಆಗಿರಲಿಲ್ಲ. ಹಾಗಂದರೆ ಎಲ್ಲರದೂ ಆಗಿತ್ತು. ಕೊಲ್ಲಾಪುರದ ಕಡೆಯ ಪದ್ಧತಿ ಇಲ್ಲಿಗೂ ಬಂದಿತ್ತು: ಹೋಳಿಯ ದಿನ ಕಾಮನನ್ನು ಸಣ್ಣದಾಗಿ ಸುಟ್ಟು, ಉಳಿದ ಸೆಗಣಿಯ ಕುಳ್ಳನ್ನು ಸ್ಮಶಾನಕ್ಕೆ ಕೊಡುವುದು. ಮರಾಠಿ ಮಂದಿ ಶೇಣೀ ದಾನ ಅನ್ನುತ್ತಾರೆ. ತಂಗೆವ್ವನ ಓಣಿಯ ಹೆಂಗಸರು ಬೆಳಿಗ್ಗೆ ಮಗ್ಗಕ್ಕೆ ನೂಲಿನ ಕಾಂಡಿ ಸುತ್ತಿ, ಮಧ್ಯಾಹ್ನ ಗೌಳಿಗರ ಎಮ್ಮೆಯ ಸೆಗಣಿ ಹೊತ್ತು ತಂದು, ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರಖಾನೆಯ ಗೋಡೆಗೆ ಕುಳ್ಳು ತಟ್ಟುವವರು. ಹೊಟ್ಟು ಸಿಗದ ಊರು, ಅದಕ್ಕೆ ಮಗ್ಗದ ಕೆಳಗೆ ಬಿದ್ದ ನೂಲಿನ ಜುಂಗನ್ನು ಗುಡಿಸಿ ತಂದು ಸೆಗಣಿಯಲ್ಲಿ ಕಲಸುತ್ತಿದ್ದರು. ವರ್ಷವಿಡೀ ತಟ್ಟಿದ್ದರಲ್ಲಿ ಒಳ್ಳೆಯವನ್ನು ಆರಿಸಿ ಹೋಳಿಗೆ ಎತ್ತಿಡುತ್ತಿದ್ದರು. ಯಾರ ಕುಳ್ಳಿನ ಮೇಲೆ ಯಾರು ಸುಡುತ್ತಾರೋ ಯಾರಿಗೆ ಗೊತ್ತು. ಯಾರಾದರೇನು, ಬಡವರ ಹೆಣ ಪುಕ್ಕಟೆ ಸುಡುತ್ತದಲ್ಲ, ಅಷ್ಟು ಸಾಕಿತ್ತು ಅವರಿಗೆ.

ಮೂರು ವರ್ಷದ ಹಿಂದೆ, ಮೇಲೆ ಯಾರು ಯಾರಿಗೆ ಸಹಿ ಹಾಕಿದರೋ, ಘಾಟು ಕೇತನದಾದಾನ ಟ್ರಸ್ಟಿನ ಕೈಗೆ ಹೋಯಿತು. ಅವನ ಅಜ್ಜನದು ಸಕ್ಕರೆ ಕಾರಖಾನೆ, ಅಪ್ಪನದು ಕಾಲೇಜು ಮತ್ತು ಬ್ಯಾಂಕು, ಇವನಿಗೆ ಉಳಿದದ್ದು ಸ್ಮಶಾನ. ಸುತ್ತ ಗೋಡೆ ಬಂತು. ಕಮಾನು ಬಂತು, ಕಮಾನಿನ ಮೇಲೆ ಅವನಪ್ಪನ ಹೆಸರು ಬಂತು, ಅದರ ಕೆಳಗೆ ಮೋಕ್ಷಧಾಮ ಎಂದು ಬಂತು. ಗ್ಯಾಸಿನ ಮಷೀನು ಬಂತು. ಅದು ಉದ್ಘಾಟನೆಯ ಕುಂಕುಮ ಅಳಿಯುವ ಮೊದಲೇ ಕೆಟ್ಟು ಕೂತಿತು. ಆದರೂ ಹೋಳಿಗೆ ಟ್ರ್ಯಾಕ್ಟರು ಮಾತ್ರ ತಪ್ಪದೆ ಓಣಿಗೆ ಬರುತ್ತಿತ್ತು. ದಾದಾ ಸ್ವತಃ ಟ್ರ್ಯಾಲಿಯ ಮೇಲೆ ನಿಂತು ಕುಳ್ಳು ಇಸಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದ. ಆ ಕುಳ್ಳು ಗೋದಾಮಿಗೆ ಹೋಗಿ, ಪ್ಲಾಸ್ಟಿಕ್ಕಿನ ಪೊಟ್ಟಣವಾಗಿ, ಹೋಮ ಮಾಡುವ ದೊಡ್ಡ ಮಂದಿಗೆಂದು ಪುಣೆ ಮುಂಬೈಗೆ ಮಾರಾಟವಾಗುತ್ತದೆ ಎಂದು ಒಂದು ಮಾತು ಓಣಿಯಲ್ಲಿತ್ತು. ತಂಗೆವ್ವ ನಂಬಿರಲಿಲ್ಲ. ಸತ್ತವರ ಪಾಲಿನದನ್ನು ಯಾರಾದರೂ ಮಾರುತ್ತಾರೆಯೇ ಎಂದಿದ್ದಳು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಹಾಲವ್ವ ನಕ್ಕಿದ್ದಳು.

ಚಟ್ಟವನ್ನು ಗೋಡೆಯ ಬದಿಗೆ ಸರಿಸಿದರು. ನೆರಳು ಅಲ್ಲಿಯೂ ಇರಲಿಲ್ಲ. ಗೇಟಿನ ಮುಂದೆ ಬಿಳಿ ಬಟ್ಟೆಯ ಮಂಡಪ ಎದ್ದಿತು, ಕುರ್ಚಿಗಳು ಬಂದವು, ಟಿ.ವಿ.ಯವರ ಗಾಡಿಗಳು ಬಂದವು. ಬಂದೋಬಸ್ತಿಗೆ ಬಂದ ಹವಾಲ್ದಾರ, ಹೊಳೆಯ ಆಚೆ ದಂಡೆಗೆ ಒಯ್ದು ಟೈರು ಹಾಕಿ ಸುಟ್ಟುಬಿಡಿ, ನಿಮ್ಮ ಕಾನಡಿ ಮಂದಿಗೆ ಅಷ್ಟು ಸಾಕು ಎಂದು ಉಪದೇಶ ಮಾಡಿದ. ಹೆಣ ಹೊತ್ತು ಬಂದ ನಾಲ್ವರಲ್ಲಿ ಇಬ್ಬರು ಪಾಳಿಯ ಹೊತ್ತಾಯಿತೆಂದು ಮುಖ ತಗ್ಗಿಸಿಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬ ಆಳು ಬಂದ. ವಾಸನೆ ಬರುತ್ತಿದೆ, ಕ್ಯಾಮೆರಾದವರು ಮೂಗು ಮುಚ್ಚಿಕೊಳ್ಳುತ್ತಿದ್ದಾರೆ, ಹೊಡಿ ಎಂದು ನಿಖಿಲ ಹೇಳಿದ. ಆಳು ಚಟ್ಟದ ಸುತ್ತ ಫಿನಾಯಿಲು ಹೊಡೆದ. ಸುತ್ತ ಹೊಡೆದು, ಮೇಲೂ ಹೊಡೆದ. ತಮ್ಮಣ್ಣನ ಕೆನ್ನೆಯ ಮೇಲಿನ ಗುಲಾಲು ಕರಗಿ ಕೆಂಪು ನೀರಾಗಿ ಕಿವಿಗಿಳಿಯಿತು.

"ಸಂಡಾಸಲ್ಲೋ ಯಪ್ಪಾ ಅದು. ನನ್ನ ಗಂಡ ಅದಾನ."

ತಂಗೆವ್ವ ಇದನ್ನು ಕೂಗಿ ಹೇಳಲಿಲ್ಲ. ಆಳು ಒಂದು ಗಳಿಗೆ ನಿಂತ. ಅಷ್ಟರಲ್ಲಿ ನಿಖಿಲ ಮರಾಠಿಯಲ್ಲಿ, ಅವಳನ್ನೇನು ನೋಡ್ತೀ, ತಲೆಯ ಕಡೆಗೂ ಹೊಡಿ ಎಂದ. ಆಳು ಹೊಡೆದ.

ಅವಳು ಸೆರಗಿನ ತುದಿಯಿಂದ ಗಂಡನ ಮುಖ ಒರೆಸಿದಳು. ಇಡೀ ಬಾಳುವೆಯಲ್ಲಿ ಅವನಿಗೆ ಒಂದು ಹೊಸ ವಾಸನೆಯ ಸಾಬೂನು ತಂದುಕೊಟ್ಟವಳಲ್ಲ. ಎಣ್ಣೆ, ನೂಲು, ಬೆವರು, ಅದೇ ಅವನ ವಾಸನೆಯಾಗಿತ್ತು. ಅದೂ ಈಗ ಹೋಯಿತು. ಒರೆಸುತ್ತ ಒರೆಸುತ್ತ ಅಳು ಬರುತ್ತದೆ ಅಂದುಕೊಂಡಳು, ಬರಲಿಲ್ಲ. ಆ ದಾದಾನ ಅವ್ವನೂ ಹೀಗೇ ಬಿಸಿಲಿಗೆ ಬೀಳಬೇಕು ಎಂಬ ಒಂದೇ ಮಾತು ಬಾಯಿಗೆ ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಅವಳು ಮಾಡಿದಳು.

ಗುಂಡು ಅಂತ ಒಬ್ಬ, ಹೆಣ ಸುಡುತ್ತ ಮುದುಕನಾದವನು. ಮೊದಲು ಊರಿನ ನೌಕರ, ಈಗ ಟ್ರಸ್ಟಿನ ಕೂಲಿ. ತಂಬಾಕು ಕೇಳುವ ನೆಪದಲ್ಲಿ ಗೇಟಿನ ಸಂದಿಗೆ ಬಂದು ಹಾಲವ್ವನ ಹತ್ತಿರ ಪಿಸುಗುಟ್ಟಿದ. ದಾದಾ ಟಿ.ವಿ.ಯವರ ಮುಂದೆ ಮಾತಾಡಿದ್ದಾನಂತೆ: ನಮ್ಮ ಆಯಿಸಾಹೇಬರು ಬಡವರ ತಾಯಿ, ಅವರಿಗೆ ಗಂಧದ ಕಟ್ಟಿಗೆ ಬೇಡ, ಬಡವರು ಹೋಳಿಗೆ ಕೊಟ್ಟ ಶೇಣಿಯ ಮೇಲೆಯೇ ಅವರನ್ನು ಕಳಿಸುತ್ತೇವೆ. ಮಳೆ ಮುಗಿದ ಮೇಲೆ ಚುನಾವಣೆ. ಅದಕ್ಕೇ ಬೆಳಗಿನಿಂದ ಗೋದಾಮು ಬಗೆದು ಪೊಟ್ಟಣವಾಗದೆ ಉಳಿದ ಕುಳ್ಳನ್ನೆಲ್ಲ ಒಟ್ಟುತ್ತಿದ್ದೇವೆ, ಒಳಗೆ ಬೇರೆ ಕಟ್ಟಿಗೆಯ ಚೂರೂ ಇಲ್ಲ ಎಂದ.

"ಯಾರದೋ ರೊಕ್ಕ, ಎಲ್ಲಮ್ಮನ ಜಾತ್ರೀ," ಎಂದಳು ಹಾಲವ್ವ. "ಆ ಭಾಡ್ಯಾಗ ನಾವು ತಟ್ಟಿದ್ದ ಬೇಕು, ನಾವು ಬ್ಯಾಡ."

ತಂಗೆವ್ವ ಎದ್ದು ಗೇಟಿನ ಸಂದಿಯಿಂದ ನೋಡಿದಳು. ಒಳಗೆ ಚಪ್ಪರದ ಕೆಳಗೆ ಕಬ್ಬಿಣದ ಚೌಕಟ್ಟು, ಅದರೊಳಗೆ ಎದೆಯ ಮಟ್ಟಕ್ಕೆ ಕುಳ್ಳು ಒಟ್ಟಿದ್ದರು. ಮೇಲೆ ಚೆಂಡುಹೂವಿನ ಮಾಲೆ. ಎಷ್ಟು ಅಚ್ಚುಕಟ್ಟಾಗಿ ಒಟ್ಟಿದ್ದರೆಂದರೆ ತಟ್ಟಿದ ಕೈಯ ಅಚ್ಚು ಎಲ್ಲ ಹೊರಗೆ ಕಾಣುವಂತೆ ಇಟ್ಟಿದ್ದರು, ಕ್ಯಾಮೆರಾಕ್ಕೆ ಚಂದ ಕಾಣಲಿ ಎಂದು. ಐದೈದು ಬೆರಳು, ಸಾಲಿಗೆ ಸಾಲು. ಒಡೆದ ಅಂಚುಗಳಲ್ಲಿ ಬಿಳಿ ನೂಲಿನ ಎಳೆ ಹೊರಗೆ ಚಾಚಿತ್ತು.

ಅವಳು ಗುಂಡುವಿನ ಮುಖ ನೋಡಿದಳು. ಗುಂಡು ಗೇಟಿನ ಸಣ್ಣ ಬಾಗಿಲಿನ ಅಗುಳಿ ಸರಿಸಿ, ಮೂತ್ರಕ್ಕೆ ಹೋಗುವವನಂತೆ ಗೋಡೆಯ ಹಿಂದೆ ಹೋದ.

ತಂಗೆವ್ವ ಒಳಗೆ ಹೋದಳು. ಓಡಲಿಲ್ಲ, ಕದ್ದು ಹೋಗಲಿಲ್ಲ. ಚೌಕಟ್ಟಿನ ಹತ್ತಿರ ನಿಂತು ಚೆಂಡುಹೂವಿನ ಮಾಲೆ ಎತ್ತಿ ಪಕ್ಕಕ್ಕಿಟ್ಟಳು. ಒಂದು ಕುಳ್ಳು ತೆಗೆದು ತನ್ನ ಅಂಗೈ ಅದರ ಮೇಲಿಟ್ಟು ನೋಡಿದಳು. ಕೈ ಕೂತಿತು. ಅದನ್ನು ಉಡಿಗೆ ಹಾಕಿಕೊಂಡು ಮತ್ತೊಂದಕ್ಕೆ ಕೈ ಹಾಕಿದಳು.

ಮೊದಲು ನೋಡಿದವನು ಪಂಪಿನ ಆಳು. ಅವನು ಕೂಗಿದ್ದಕ್ಕೆ ನಿಖಿಲ ಓಡಿ ಬಂದ. ಅವನು ಬರುವಷ್ಟರಲ್ಲಿ ಹಾಲವ್ವ ಒಳಗಿದ್ದಳು, ಅದೇ ಓಣಿಯ ಯಮುನವ್ವ ಒಳಗಿದ್ದಳು, ಓಣಿಯ ಹೆಂಗಸರೆಲ್ಲ ಚೌಕಟ್ಟಿನ ಸುತ್ತ ಇದ್ದರು. ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಆರಿಸುತ್ತಿದ್ದರು. ಇದು ನಂದವಾ, ಇದು ನಿಂದು, ಇದನ್ನ ಯಾವ ಕೈಗೇಡಿ ತಟ್ಟ್ಯಾಳೋ, ಇದು ನಮ್ಮ ಓಣೀದಲ್ಲ ಬಿಡು, ಇದರಾಗ ನೂಲಿಲ್ಲ. ನೂಲಿಲ್ಲದವನ್ನು ಬೇರೆ ಇಟ್ಟರು. ಅಂಥವು ಕೆಲವೇ ಇದ್ದವು.

ನಿಖಿಲ ತಂಗೆವ್ವನ ರಟ್ಟೆ ಹಿಡಿದು ಎಳೆದ. ಉಡಿಯ ಕುಳ್ಳು ನೆಲಕ್ಕೆ ಬಿದ್ದು ಎರಡು ಒಡೆದವು. ಅವಳು ಬಗ್ಗಿ ಚೂರುಗಳನ್ನೂ ಆರಿಸಿಕೊಂಡಳು.

"ಕೈ ಬಿಡೋ ಸೂಳಿಮಗನ," ಎಂದಳು ಹಾಲವ್ವ. "ಹೆಣದ ಬಾಯಾಗಿನ ಅಕ್ಕಿ ಆರಿಸಿ ತಿನ್ನಾವ್ನ. ಮುಟ್ಟ ಇನ್ನೊಮ್ಮಿ, ನಿನ್ನ ಇದರ ಮ್ಯಾಲ ಮಲಗಸ್ತೇನಿ. ಜಾಗಾ ಖಾಲೀನೇ ಐತಿ."

ಅವಳ ಕೈಯಲ್ಲಿ ಹೆಣ ತಿರುವುವ ಕಬ್ಬಿಣದ ಸಲಾಕೆಯಿತ್ತು. ಅದು ಎಲ್ಲಿಂದ ಬಂತೋ ಅವಳಿಗೇ ಗೊತ್ತಿರಲಿಲ್ಲ. ನಿಖಿಲ ಕೈ ಬಿಟ್ಟ. ಹವಾಲ್ದಾರ ಒಂದು ಹೆಜ್ಜೆ ಮುಂದೆ ಬಂದು, ಹಿಂದೆ ತಿರುಗಿ ಕ್ಯಾಮೆರಾಗಳನ್ನು ನೋಡಿ, ಅಲ್ಲೇ ನಿಂತು ಫೋನು ಹಚ್ಚಿದ. ಕ್ಯಾಮೆರಾದವರು ಬೆಳಗಿನಿಂದ ಬೇಸತ್ತು ಕೂತಿದ್ದವರು ಈಗ ಎದ್ದಿದ್ದರು.

ಹೆಂಗಸರು ಉಡಿ ತುಂಬಿಕೊಂಡು ಹೊರಗೆ ಬಂದರು. ಎಲ್ಲಿ ಒಟ್ಟಬೇಕೆಂದು ಯಮುನವ್ವ ಕೇಳಿದಳು. ತಂಗೆವ್ವ ಬಿಳಿ ಮಂಡಪದ ನಡುವೆ, ಕಮಾನಿನ ನೇರ ಕೆಳಗೆ, ಗಾಡಿ ಒಳಗೆ ಹೋಗುವ ಸಿಮೆಂಟಿನ ದಾರಿಯನ್ನು ತೋರಿಸಿದಳು. ಕುರ್ಚಿಗಳನ್ನು ಕಾಲಿನಿಂದ ಸರಿಸಿದರು. ಮೊದಲ ಸಾಲು ಬಿತ್ತು, ಎರಡನೆಯದು ಬಿತ್ತು. ಖಾಲಿ ಮಾಡುವುದು, ತುಂಬುವುದು, ಮತ್ತೆ ಹೋಗುವುದು. ಉಳಿದಿದ್ದ ಇಬ್ಬರು ಗಂಡಸರಲ್ಲಿ ಒಬ್ಬ ಮಂಡಪದ ಬಟ್ಟೆಗೆ ಬೆಂಕಿ ತಾಗುತ್ತದೆಂದು ಅದರ ಹಗ್ಗ ಕೊಯ್ದ. ಬಿಳಿ ಬಟ್ಟೆ ಕುರ್ಚಿಗಳ ಮೇಲೆ ಬಿತ್ತು. ಚಟ್ಟ ಎತ್ತಿ ತಮ್ಮಣ್ಣನನ್ನು ಕುಳ್ಳಿನ ಮೇಲೆ ಮಲಗಿಸಿದರು.

ಕೇತನದಾದಾನ ಗಾಡಿಗಳ ಸಾಲು ಬಂದದ್ದು ಆಗ. ಮುಂದೆ ಹೂ ಕಟ್ಟಿದ ಗಾಜಿನ ಗಾಡಿ, ಅದರೊಳಗೆ ಆಯಿಸಾಹೇಬರು. ಹಿಂದೆ ಗಡಹಿಂಗ್ಲಜ್ ಕಡೆಯ ಸಕ್ಕರೆ ಕಾರಖಾನೆಯ ಡೈರೆಕ್ಟರುಗಳಿಂದ ಹಿಡಿದು ಕೊಲ್ಲಾಪುರದ ದೊಡ್ಡ ಮಂದಿಯವರೆಗೆ ಬಿಳಿ ಅಂಗಿಗಳು. ದಾರಿ ಕಟ್ಟಿತ್ತು. ಗಾಜಿನ ಗಾಡಿ ನಿಂತಿತು. ಅದರ ಹಿಂದೆ ಎಲ್ಲವೂ ನಿಂತವು.

ದಾದಾ ಇಳಿದ. ಮುಖ ಅತ್ತು ಊದಿತ್ತು, ಅದು ನಾಟಕದ ಅಳುವಲ್ಲ ಎಂದು ತಂಗೆವ್ವನಿಗೂ ಗೊತ್ತಾಯಿತು. ನಿಖಿಲ ಅವನ ಕಿವಿಯಲ್ಲಿ ಎಲ್ಲ ಹೇಳಿದ. ದಾದಾ ನಿಖಿಲನ ಕಪಾಳಕ್ಕೆ ಬಿಗಿದ, ಕ್ಯಾಮೆರಾಗಳನ್ನು ನೋಡಿ ಎರಡನೆಯ ಏಟಿಗೆ ಎತ್ತಿದ ಕೈಯನ್ನು ಇಳಿಸಿ ಜೋಡಿಸಿದ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಮತ ಕೇಳುವಾಗಿನ ಕನ್ನಡದಲ್ಲಿ ಮಾತಾಡಿದ.

"ಮಾವಶೀ, ತಪ್ಪಾತ್ರಿ. ನಿಮ್ಮ ಯಜಮಾನರ್ದೂ ಒಳಗ ಮಾಡೂಣು, ಎಲ್ಲಾ ನಾನ ಮಾಡಸ್ತೇನಿ. ಅರ್ಧಾ ಶೇಣೀ ಅಷ್ಟ ಬಿಡ್ರಿ. ಹೊತ್ತ ಮುಳಗಾಕತ್ತೈತಿ. ನಮ್ಮವ್ವ ಗಾಡ್ಯಾಗ ಅದಾಳ."

ಒಂದು ಗಳಿಗೆ ಹೆಂಗಸರ ಕೈ ನಿಂತವು. ಯಮುನವ್ವ ತಂಗೆವ್ವನ ಮುಖ ನೋಡಿದಳು. ಅವ್ವ ಎಂಬ ಮಾತಿಗೆ ಎಂಥವರಿಗೂ ಕರುಳು ಚುರ್ ಅನ್ನುತ್ತದೆ. ತಂಗೆವ್ವನಿಗೂ ಅಂದಿತು. ಹಾಗಂತ ಅವಳು ಬಿಡಲಿಲ್ಲ. ಉಡಿಯಿಂದ ಒಂದು ಕುಳ್ಳು ತೆಗೆದು, ಕೈಯ ಅಚ್ಚು ಅವನ ಕಡೆಗೆ ಮಾಡಿ ಹಿಡಿದಳು.

"ನಿಮ್ಮವ್ವ ತಟ್ಟಿದ್ದು ಯಾವುದ ಐತಿ, ತೋರಸ್ರಿ. ಅದೊಂದ ಬಿಟ್ಟ ಹೋಗ್ತೇವಿ."

ದಾದಾ ತಾಯಿಯ ಗಾಡಿಯ ಕಡೆಗೆ ಹಿಂದೆ ಸರಿದ. ಹಿಂದಿನಿಂದ ಯಾರೋ ಒಬ್ಬ ಬಿಳಿ ಅಂಗಿಯವನು, ಈ ರಂಡೆಯರಿಗೆ ಸೊಕ್ಕು ಬಂದಿದೆ, ಪೊಲೀಸರನ್ನು ಕರೆಸಿ ಎಂದ. ಕರೆಸಿದ್ದಾರೆ ಎಂದು ಇನ್ನೊಬ್ಬ ಹೇಳಿದ.

"ಹಂಗಾರ ಅಲ್ಲೇ ನಿಂದರ್ರಿ," ಎಂದಳು ತಂಗೆವ್ವ. "ನನ್ನ ಗಂಡ ಸುಟ್ಟು ಮುಗೀಲಿ. ಕೆಂಡ ಉಳದ್ರ ಕೊಡ್ತೇನಿ. ನಿಮ್ಮವ್ವಗ ಅದ ಹಚ್ಚರಿ."

ಇಷ್ಟು ಮಂದಿಯ ಎದುರು, ಇಷ್ಟು ದೊಡ್ಡ ಮನುಷ್ಯನಿಗೆ, ತಾನೇ ಹೀಗೆ ಅಂದೆನೇ ಎಂದು ಅವಳಿಗೆ ಅನ್ನಿಸಿತು. ಅಂದದ್ದು ಬಾಯಿಗೆ ಬೆಲ್ಲದಂತೆ ರುಚಿಯಾಗಿತ್ತು. ಮಗಳ ಕಡೆ ತಿರುಗಿ, ಹಚ್ಚವಾ ಎಂದಳು.

ರೂಪಾಲಿ ಮಡಕೆಯ ಬೆಂಕಿಯನ್ನು ಕುಳ್ಳಿಗೆ ಸುರಿದಳು. ಒಣ ಕುಳ್ಳು, ಒಳಗೆ ಹತ್ತಿ. ಚರಚರ ಹತ್ತಿಕೊಂಡಿತು. ಮೊದಲು ಹೊಗೆ ಎದ್ದು ಕಮಾನಿಗೆ ತಾಗಿ, ಅಪ್ಪನ ಹೆಸರು ಮುಚ್ಚಿ, ಹೊಳೆಯ ಗಾಳಿಗೆ ತಿರುಗಿ ಗಾಡಿಗಳ ಸಾಲಿನ ಮೇಲೆ ಬಿತ್ತು. ಬಿಳಿ ಅಂಗಿಗಳು ಕೆಮ್ಮುತ್ತ ಗಾಡಿಗಳೊಳಗೆ ಹೊಕ್ಕು ಗಾಜು ಏರಿಸಿಕೊಂಡರು. ದಾದಾ ಮಾತ್ರ ತಾಯಿಯ ಗಾಡಿಗೆ ಕೈಯೂರಿ ನಿಂತಿದ್ದ. ಗಾಡಿಯ ಕೆಳಗೆ ಬರಫು ಕರಗಿದ ನೀರು ತೊಟ್ಟಿಕ್ಕುತ್ತಿತ್ತು.

ಸೇತುವೆಯ ಕಡೆಯಿಂದ ಪೊಲೀಸ್ ಗಾಡಿಯ ಸಿಳ್ಳು ಕೇಳಿಸಿತು. ಹೆಣ ಸುಡಲು ಹೊತ್ತು ಹಿಡಿಯುತ್ತದೆ, ಅವಸರ ಮಾಡಿದರೆ ಆಗುವ ಕೆಲಸವಲ್ಲ. ನಡುವೆ ಯಾರಾದರೂ ನೀರು ಹೊಡೆದರೆ ಅರ್ಧ ಸುಟ್ಟ ತಮ್ಮಣ್ಣ ಅರ್ಧಕ್ಕೇ ಉಳಿಯುತ್ತಾನೆ. ತಂಗೆವ್ವ ಬೆಂಕಿಗೆ ಬೆನ್ನು ಮಾಡಿ, ದಾರಿಗೆ ಮುಖ ಮಾಡಿ ಸಿಮೆಂಟಿನ ಮೇಲೆ ಕೂತಳು. ಬೆನ್ನು ಸುಡುತ್ತಿತ್ತು. ಹಾಲವ್ವ ಸಲಾಕೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅವಳ ಪಕ್ಕಕ್ಕೆ ಕೂತಳು. ಆಮೇಲೆ ಯಮುನವ್ವ ಕೂತಳು. ಒಬ್ಬರ ಸೆರಗನ್ನು ಇನ್ನೊಬ್ಬರು ಸೊಂಟಕ್ಕೆ ಕಟ್ಟಿಕೊಂಡು, ಎಳೆದರೆ ಎಲ್ಲರನ್ನೂ ಎಳೆಯಬೇಕಾಗುವಂತೆ, ಚಿತೆಯ ಸುತ್ತ ಒಬ್ಬೊಬ್ಬರಾಗಿ ಕೂರತೊಡಗಿದರು.